2 ಲಕ್ಷದೊಳಗೆ ಹಳೇ ಕಾರು: ಏನೇನು ನೋಡ್ಬೇಕು?

ಪ್ರಶ್ನೆ: ತೀರ್ಥಹಳ್ಳಿ ಕಡೆ ಓಡಾಟ, ಆಗಾಗ ಆಗುಂಬೆ ಘಾಟಿ. 2012ರ ವ್ಯಾಗನ್‌ಆರ್ ಪೆಟ್ರೋಲ್ ಸಿಕ್ಕಿದೆ. ತಗೋಬಹುದಾ?

ಉತ್ತರ 1: ಮೊದಲು ತುಕ್ಕು ನೋಡಿ. ನಮ್ಮ ಮಳೆಗೆ ಬಾಡಿ ಹೋಗಿದ್ರೆ ಇಂಜಿನ್ ಚೆನ್ನಾಗಿದ್ದೂ ದಂಡ. ಮ್ಯಾಟ್ ಎತ್ತಿ ನೆಲ ಒತ್ತಿ, ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಗುಂಡಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಕೂರೋ ಜಾಗ ನೋಡಿ. ಕಾರಿನ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ರೆ ಸ್ಕ್ರೂಡ್ರೈವರಿಂದ ಚುಚ್ಚಿ, ಮೆತ್ತಗಿದ್ರೆ ಬಿಟ್ಟುಬಿಡಿ.

ಉತ್ತರ 2: ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡ್ಸಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಏರಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಅರಚಿ ವೇಗ ಏರದಿದ್ರೆ ಕ್ಲಚ್ ಪ್ಲೇಟ್ ಮುಗಿದಿದೆ. ಆ ಖರ್ಚು ರೇಟಲ್ಲಿ ಕಳೀರಿ.

ಉತ್ತರ 3: ಆರ್‌ಸಿಗೆ 15 ವರ್ಷ ತುಂಬೋದು 2027ಕ್ಕೆ, ಆಮೇಲೆ ರಿನ್ಯೂವಲ್ ಖರ್ಚಿದೆ. ಸಾಲದ ಗಾಡಿಯಾಗಿದ್ರೆ ಹೈಪೋಥಿಕೇಶನ್ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹಕ್ಕಿನ ನಮೂದು) ತೆಗೆಸೋ ತನಕ ಪೂರ್ತಿ ದುಡ್ಡು ಕೊಡ್ಬೇಡಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸೋ ಫಾರಂ 29, 30ಕ್ಕೆ ಸಹಿ ಮರೀಬೇಡಿ.