ಹೈಸ್ಕೂಲು ಕಂಪ್ಯೂಟರ್ ಪಾಠ: ಯಾವುದು ಮೊದಲು, ಯಾವುದು ಆಮೇಲೆ?

ಶಿಡ್ಲಘಟ್ಟ ಕಡೆಯ ಶಿಕ್ಷಕಿ ಕೇಳಿದ್ದು:
8ರಿಂದ 10ನೇ ತರಗತಿವರೆಗೆ ಕಂಪ್ಯೂಟರ್ ಪಠ್ಯಕ್ರಮ ಬರೆದುಕೊಡಿ ಅಂತ ನಮ್ಮ ಶಾಲೆಯಲ್ಲಿ ಹೇಳಿದ್ದಾರೆ. ವಾರಕ್ಕೆ ಎರಡೇ ಪೀರಿಯಡ್. ಒಂದು ಕಂಪ್ಯೂಟರ್‌ಗೆ ನಾಲ್ಕೈದು ಮಕ್ಕಳು. ಪಾಠ ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಚಿಂತಾಮಣಿಯ ಗಣಿತ ಶಿಕ್ಷಕ:
ಮೇಡಂ, ಸಾಫ್ಟ್‌ವೇರ್ ಹೆಸರುಗಳ ಪಟ್ಟಿಯನ್ನೇ ಪಠ್ಯಕ್ರಮ ಮಾಡಬೇಡಿ. ಈ ತಿಂಗಳು ವರ್ಡ್, ಮುಂದಿನ ತಿಂಗಳು ಪವರ್‌ಪಾಯಿಂಟ್ ಅಂತ ಹೋದರೆ ಮಕ್ಕಳಿಗೆ ಮೆನು ಬಾಯಿಪಾಠ ಆಗುತ್ತದೆ, ಅಷ್ಟೇ. ಇಂಗ್ಲೆಂಡ್‌ನಲ್ಲೂ 2014ರಲ್ಲಿ ಐಸಿಟಿ (ಕಂಪ್ಯೂಟರ್ ಬಳಸಲು ಕಲಿಸುವ ವಿಷಯ) ತೆಗೆದು ಕಂಪ್ಯೂಟಿಂಗ್ (ಕಂಪ್ಯೂಟರ್ ಕೆಲಸ ಮಾಡುವ ರೀತಿ, ಪ್ರೋಗ್ರಾಮ್ ಬರೆಯುವುದು ಕಲಿಸುವ ವಿಷಯ) ತಂದರು. ಅಲ್ಲಿ ಐದು ವರ್ಷದ ಮಕ್ಕಳಿಂದಲೇ ಅಲ್ಗಾರಿದಮ್, ಅಂದರೆ ಕೆಲಸವನ್ನು ಹಂತಹಂತವಾಗಿ ಹೇಳುವುದು, ಶುರು.

ಎಂಟನೇ ತರಗತಿಯ ಮೊದಲ ಕೆಲವು ವಾರ ಕಂಪ್ಯೂಟರ್ ಆನ್ ಮಾಡುವುದೇ ಬೇಡ. ನ್ಯೂಜಿಲೆಂಡ್‌ನ ಟಿಮ್ ಬೆಲ್ ಮತ್ತು ಜೊತೆಗಾರರ 'ಸಿಎಸ್ ಅನ್‌ಪ್ಲಗ್ಡ್' ಚಟುವಟಿಕೆಗಳಿವೆ. ಬೇಕಾಗಿರುವುದು ರಟ್ಟು, ಸ್ಕೆಚ್ ಪೆನ್ನು. ಐದು ರಟ್ಟಿನ ಮೇಲೆ 16, 8, 4, 2, 1 ಚುಕ್ಕೆ ಹಾಕಿ ಐವರು ಮಕ್ಕಳ ಕೈಗೆ ಕೊಡಿ. '13 ತೋರಿಸಿ' ಅನ್ನಿ. 16 ಮತ್ತು 2 ಹಿಡಿದವರು ರಟ್ಟನ್ನು ಹಿಂದೆ ತಿರುಗಿಸುತ್ತಾರೆ, ಉಳಿದವರು ಎದುರಿಗೆ ಹಿಡಿಯುತ್ತಾರೆ. ಎದುರಿಗೆ ಹಿಡಿದ ರಟ್ಟಿಗೆ 1, ತಿರುಗಿಸಿದ್ದಕ್ಕೆ 0 ಹಾಕಿ ಬೋರ್ಡ್ ಮೇಲೆ 01101 ಅಂತ ಬರೆಯಿರಿ. ಆಮೇಲೆ '32 ತೋರಿಸಿ' ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್ನೊಂದು ರಟ್ಟು ಬೇಕು ಅಂತ ಅವರೇ ಹೇಳಲಿ, ನೀವು ಬಾಯಿ ಬಿಡಬೇಡಿ.

ಅಲ್ಲಿಂದ ಕನ್ನಡಕ್ಕೆ ಬನ್ನಿ. ಕಂಪ್ಯೂಟರ್ ಅಕ್ಷರವನ್ನೂ ಸಂಖ್ಯೆಯಾಗಿಯೇ ಇಡುತ್ತದೆ; ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಪಟ್ಟಿಯೇ ಯೂನಿಕೋಡ್. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. 'ಕ್ಕ' ನೋಡಲು ಒಂದು ಅಕ್ಷರ, ಒಳಗೆ ಮೂರು ಸಂಖ್ಯೆ: ಕ, ಅರ್ಧ ಮಾಡುವ ಚಿಹ್ನೆ, ಮತ್ತೆ ಕ. ಮೊಬೈಲಿನಲ್ಲಿ 'ಕಿ' ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಗುಡಿಸು ಹೋಗಿ 'ಕ' ಯಾಕೆ ಉಳಿಯುತ್ತದೆ ಅಂತ ಆಗ ಗೊತ್ತಾಗುತ್ತದೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಒಂಬತ್ತಕ್ಕೆ ಸ್ಪ್ರೆಡ್‌ಶೀಟ್ (ಎಕ್ಸೆಲ್ ತರಹದ ಲೆಕ್ಕದ ಹಾಳೆ), ಆದರೆ ಲೆಕ್ಕ ಊರಿನದೇ ಇರಲಿ. ಮನೆಯ ಡೇರಿ ಚೀಟಿ ತರಲಿ: ಲೀಟರ್, ಫ್ಯಾಟ್, ದರ. 'ಫ್ಯಾಟ್ ಇಷ್ಟಕ್ಕಿಂತ ಕಡಿಮೆ ಇದ್ದರೆ ಏನಾಗಬೇಕು' ಅನ್ನುವಲ್ಲೇ ಇಫ್ ಕಂಡಿಷನ್ ಬಂತಲ್ವಾ. ಹತ್ತಕ್ಕೆ ಅದೇ ಲೆಕ್ಕ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ (ಲೆಕ್ಕದ ಸಂಖ್ಯೆ ಇಟ್ಟುಕೊಳ್ಳುವ ಜಾಗಕ್ಕೆ) 'ಹಾಲು', 'ದರ' ಅಂತ ಕನ್ನಡದಲ್ಲೇ ಹೆಸರಿಡಬಹುದು. ಇಂಗ್ಲಿಷ್ ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ.

ಗೌರಿಬಿದನೂರಿನಿಂದ:
ಸರ್ ಹೇಳಿದ್ದು ಸರಿ. ಆದರೆ ಎಂಟನೇ ತರಗತಿಯ ಕೊನೆಗೆ ಸ್ಕ್ರ್ಯಾಚ್ (ಪರದೆಯ ಮೇಲೆ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್) ಸೇರಿಸಿ. ಆಫ್‌ಲೈನ್ ಆವೃತ್ತಿ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಕಿಲ್ಲ. ಮೌಸ್ ಮಾತ್ರ ಐದೈದು ನಿಮಿಷಕ್ಕೆ ಕೈ ಬದಲಾಗಲಿ. ಇಲ್ಲದಿದ್ದರೆ ಜೋರಿರುವ ಒಬ್ಬನೇ ಮಾಡುತ್ತಾನೆ, ಹೆಣ್ಣುಮಕ್ಕಳು ಸುಮ್ನೆ ಹಿಂದೆ ನಿಂತು ನೋಡುತ್ತಾರೆ. ಇದನ್ನು ಪಠ್ಯಕ್ರಮದಲ್ಲೇ ಬರೆದಿಡಿ, ಶಿಕ್ಷಕರ ಇಷ್ಟಕ್ಕೆ ಬಿಡಬೇಡಿ.

ಬಾಗೇಪಲ್ಲಿಯಿಂದ:
ಪರೀಕ್ಷೆಯ ಬಗ್ಗೆ ಒಂದು ಮಾತು. 'ಕಂಪ್ಯೂಟರ್ ಎಂದರೇನು' ಅಂತ ಕೇಳುವ ಬದಲು ತಪ್ಪಿರುವ ಪ್ರೋಗ್ರಾಮ್ ಪ್ರಿಂಟ್ ಮಾಡಿ ಕೊಡಿ. ಎಲ್ಲಿ ತಪ್ಪಿದೆ, ಯಾಕೆ ತಪ್ಪು ಅಂತ ಕನ್ನಡದಲ್ಲಿ ಬರೆಯಲಿ. ಕರೆಂಟ್ ಹೋದರೂ ಪರೀಕ್ಷೆ ನಿಲ್ಲುವುದಿಲ್ಲ. ಬೇಕಿದ್ದರೆ ನಮ್ಮ ಪ್ರಶ್ನೆಪತ್ರಿಕೆ ಕಳಿಸುತ್ತೇನೆ ಮೇಡಂ.