ಬಾಯಲ್ಲಿ 20, ಕೈಯಲ್ಲಿ ಮುಷ್ಟಿ ತುಂಬ

ಅಕ್ಕ, ನಿಮ್ಮ ಮೆಸೇಜ್ ನೋಡಿದೆ. ಮಕ್ಕಳು 20ರ ತನಕ ಪಟಪಟ ಹೇಳ್ತಾರೆ, "7 ಬೀಜ ಕೊಡು" ಅಂದ್ರೆ ಮಾತ್ರ ಮುಷ್ಟಿ ತುಂಬ ಬಾಚಿ ಕೊಡ್ತಾರೆ, ಮಳೆ-ಚಳಿ-ಬೇಸಿಗೆಗೆ ತಕ್ಕ ಎಣಿಕೆ ಆಟ ಬೇಕು ಅಂದ್ರಲ್ಲ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ಮಗುವಿನ ಬೆರಳು ನೋಡಿ. "ಎ-ರ-ಡು" ಅನ್ನೋವಾಗ ಕೆಲವರ ಬೆರಳು ಮೂರು ಬೀಜ ಮುಟ್ಟಿರುತ್ತೆ, ಅಕ್ಷರಕ್ಕೊಂದು ಬೀಜ. ಅದಕ್ಕೇ ಮುಟ್ಟಿ ಎಣಿಸೋದು ಸಾಲದು, ಎತ್ತಿ ಬೇರೆ ಕಡೆ ಇಟ್ಟು ಎಣಿಸಬೇಕು. ಎಣಿಸಿ ಮುಗಿದ ಮೇಲೆ "ಒಟ್ಟು ಎಷ್ಟು?" ಅಂತ ಕೇಳಿ. ಮತ್ತೆ ಒಂದರಿಂದ ಶುರು ಮಾಡಿದ್ರೆ, ಕೊನೇ ಸಂಖ್ಯೆನೇ ಒಟ್ಟು ಅನ್ನೋದು ಮಗುವಿಗಿನ್ನೂ ಹೊಳೆದಿಲ್ಲ ಅಂತರ್ಥ. ನೀವು ಕೈಯಿಂದ ಗುಂಪಿನ ಸುತ್ತ ಒಂದು ಸುತ್ತು ತೋರಿಸಿ "ಒಟ್ಟು ಐದು" ಅನ್ನಿ. ಅಂಥ ಮಗುವಿಗೆ 3, 4, 5ರಲ್ಲೇ ಆಡಿಸಿ, 7 ಆಮೇಲೆ.

ಇಡೋಕೆ 30 ಗುಳಿಯ ಮೊಟ್ಟೆ ಟ್ರೇ ತಗೊಳ್ಳಿ. ಸಾಲಿಗೆ 5 ಗುಳಿ, 6 ಸಾಲು ಇರುತ್ತೆ. ಎರಡೆರಡು ಸಾಲಿಗೆ ಕತ್ತರಿಸಿದ್ರೆ ಹತ್ತರ ಮನೆ ಮೂರು ಸಿಕ್ತು. ಮೇಲಿನ ಸಾಲು ಎಡದಿಂದ ತುಂಬಿಸಿ, ಆಮೇಲೆ ಕೆಳಗಿನದು. 7 ಅಂದ್ರೆ ಒಂದು ಸಾಲು ಪೂರ್ತಿ, ಕೆಳಗೆ ಎರಡು ಅಂತ ಕಣ್ಣಿಗೇ ಕಾಣುತ್ತೆ. ಬಳಸಿದ ಕಾಗದದ ಟ್ರೇ ಬೇಡ, ಹಸಿ ಮೊಟ್ಟೆಯ ಅಂಶ ಅಂಟಿರಬಹುದು, ಅದನ್ನ ತೊಳೆಯೋಕೂ ಬರಲ್ಲ.

ಬೇಸಿಗೆಗೆ ಹಣ್ಣಿನ ಬೀಜ. ತೊಳೆದು 2-3 ದಿನ ಬಿಸಿಲಲ್ಲಿ ಒಣಗಿಸಿ, ಇಲ್ದಿದ್ರೆ ಡಬ್ಬದಲ್ಲೇ ಬೂಸ್ಟು ಹಿಡಿಯುತ್ತೆ. ಸಣ್ಣ ಕಾಳು ಬೇಡವೇ ಬೇಡ, ಮೂಗಿಗೆ ತುರುಕಿಕೊಳ್ತಾರೆ. ಬಾಯಿಗೆ ಹಾಕೋ ಅಭ್ಯಾಸದ ಮಗುವಿಗೆ ಬೀಜದ ಬದಲು ಅಂಗೈಯಗಲದ ಕಲ್ಲು ಕೊಡಿ.

ಮಳೆಗಾಲಕ್ಕೆ ಡ್ರಾಪರ್, ನೀಲಿ ಬಣ್ಣದ ನೀರು. ಲ್ಯಾಮಿನೇಟ್ ಮಾಡಿದ ಹಾಳೆ ಮೇಲೆ ಉಗುರಿನಗಲದ 5 ದುಂಡು ಬರೀರಿ, ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ಹತ್ತಿರ ಇದ್ರೆ ಹನಿಗಳು ಕೂಡಿಕೊಂಡು ಐದು ಹನಿ ಎರಡಾಗಿಬಿಡುತ್ತೆ. ಬರೀ ಕಾಗದವಾದ್ರೆ ನೀರು ಹೀರಿ ಹನಿಯೇ ಉಳಿಯಲ್ಲ. ಮೊದಲ ದಿನ ಎಣಿಕೆ ಬೇಡ, ಖಾಲಿ ಬಟ್ಟಲಿಗೆ ಒಂದೊಂದೇ ಹನಿ ಬಿಡೋದಷ್ಟೇ. ಒತ್ತೋಕೆ ಒದ್ದಾಡೋ ಮಗುವಿಗೆ ಎಣಿಕೆ ತಪ್ಪೇ ತಪ್ಪುತ್ತೆ.

ಎಲೆ ಉದುರೋ ಕಾಲ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಯಾಕಂದ್ರೆ ಎಲೆಗಳ ಗಾತ್ರ ಬೇರೆ ಬೇರೆ. ಎರಡು ದಿನ ಮುಂಚೆ ಆರಿಸಿ, ಪೇಪರ್ ಮಧ್ಯೆ ಇಟ್ಟು ಮೇಲೆ ಭಾರ ಹೇರಿ. ಪೂರ್ತಿ ಒಣಗಿದ್ದು ಮುಟ್ಟಿದ್ರೆ ಪುಡಿ. 4 ದೊಡ್ಡ ಎಲೆ ಒಂದು ಸಾಲು, 6 ಚಿಕ್ಕ ಎಲೆ ಒಂದು ಸಾಲು ಇಟ್ಟು "ಯಾವ್ದು ಹೆಚ್ಚಿದೆ?" ಅಂತ ಕೇಳಿ. ದೊಡ್ಡ ಎಲೆ ಕಡೆಗೇ ಬೆರಳು ಹೋಗೋದು ಸಹಜ. ತಪ್ಪು ಅನ್ನಬೇಡಿ. ಪ್ರತಿ ದೊಡ್ಡ ಎಲೆ ಮೇಲೆ ಒಂದೊಂದು ಚಿಕ್ಕ ಎಲೆ ಇಡಿಸಿ. ಎರಡು ಚಿಕ್ಕವು ಕೈಯಲ್ಲೇ ಉಳಿದುಬಿಡುತ್ವಲ್ಲ, ಆಗ ಮಗುನೇ ತಡೆದು ನೋಡುತ್ತೆ. ಸುಮ್ನಿರಿ, ಅದೇ ಹೇಳಲಿ.

ಚಳಿಗಾಲಕ್ಕೆ ಟೋಪಿ, ಸ್ವೆಟರ್ ಲೆಕ್ಕ. ಇಲ್ಲಿ ನಮ್ಮ ಭಾಷೆಯದ್ದೇ ಒಂದು ತೊಡಕಿದೆ. ಮಕ್ಕಳನ್ನ ಎಣಿಸಿದ್ರೆ "ಒಬ್ಬ, ಇಬ್ಬರು, ಮೂವರು" ಆಗುತ್ತೆ. ಈಗಷ್ಟೇ "ಒಂದು, ಎರಡು" ಕಲಿತ ಮಗು ಅಲ್ಲೇ ಗೊಂದಲಕ್ಕೆ ಬೀಳುತ್ತೆ. ಶುರುವಿಗೆ ಟೋಪಿಗಳನ್ನೇ ಸಾಲಾಗಿ ಇಟ್ಟು ಎಣಿಸಿ, "ಮೂರು ಟೋಪಿ". ಹತ್ತಿ ಉಂಡೆನೂ ಆಗುತ್ತೆ, ಆದ್ರೆ ಒಂದಕ್ಕೊಂದು ಅಂಟಿಕೊಂಡು ಚಿಮಟಕ್ಕೆ ಎರಡೆರಡು ಬರುತ್ತೆ, ಮೊದಲೇ ಬಿಡಿಸಿಡಿ.

ಒಂದು ಮೇಜಿಗೆ 4 ಮಕ್ಕಳು, 10 ನಿಮಿಷ ಸಾಕು. ಎಲ್ಲರ ಕೈಗೂ ಒಂದೇ ಡಬ್ಬ ಕೊಡಬೇಡಿ, ಎಣಿಕೆ ಬಿಟ್ಟು ಕಿತ್ತಾಟ ಶುರು. ಡಬ್ಬದಲ್ಲಿ ಕೇಳಿದ್ದಕ್ಕಿಂತ 3-4 ಹೆಚ್ಚಿಗೆ ಇರಲಿ. ಸರಿಯಾಗಿ 7 ಬೀಜ ಮಾತ್ರ ಇಟ್ಟು 7 ಕೇಳಿದ್ರೆ, ಡಬ್ಬ ಬಗ್ಗಿಸಿ ಕೊಟ್ಟುಬಿಡ್ತಾರೆ, ಎಣಿಸಿದ್ರೋ ಇಲ್ವೋ ನಿಮಗೆ ಗೊತ್ತೇ ಆಗಲ್ಲ.