ಲೋಗೋ ಅಂಟಿಸಿದ್ರ ಟೀಮ್ ಆಕ್ಕೈತೇನ್ರಿ?

ಹುಬ್ಬಳ್ಳ್ಯಾಗ ಸಂಜೀ ಮುಂದ ನಾಕು ಮಂದಿ ಕೂಡಿದ್ರ ರಾಜಕೀಯ ಬಿಟ್ಟು ಬ್ಯಾರೆ ಮಾತು ಬರೂದು ಕಮ್ಮಿ. ಆದ್ರ ನೆಹರೂ ಮೈದಾನದ ಹೊರಗ ಬೆಂಚ್ ಹಿಡಿದು ಕುಂತ ಈ ಐದು ಮಂದಿಗೆ ಫುಟ್‌ಬಾಲ್ ಬಿಟ್ಟು ಏನೂ ತಲಿಗೆ ಹತ್ತೂದಿಲ್ಲ. ಲೆಕ್ಕ ಬರಿಯೂ ರಾಯರು, ಸೀಟಿ ಊದಿ ಊದಿ ಗಲ್ಲ ದಪ್ಪ ಮಾಡಿಕೊಂಡ ರೆಫರಿ ಕಾಕಾ, ಕೋಚ್ ಅಕ್ಕಾರು, ಫಿಜಿಯೋ ತಂಗಿ, ಮತ್ತ ಬಾರ್ಸಾ ಬಸ್ಯಾ. ಬಸ್ಯಾನ ಅಂಗಿ ಬಾರ್ಸಿಲೋನಾದ್ದು, ಸಾಲ ಹುಬ್ಬಳ್ಳೀದು.

"ನಮ್ಮೂರಾಗ ಒಂದು ಪ್ರೊಫೆಷನಲ್ ಕ್ಲಬ್ ಆತು ಅಂತ ತಿಳಕೊಳ್ರಿ," ಅಂದ ಬಸ್ಯಾ. "ಗಂಡಸರ ಟೀಮ್ ಐತಿ. ಹೆಣಮಕ್ಕಳ ಟೀಮ್ ಮಾಡೂದೇನು ದೊಡ್ಡ ಮಾತು? ಅದ ಲೋಗೋ, ಅದ ಜರ್ಸಿ, ಒಂದು ಫೋಟೋ ಹೊಡದು ಫೇಸ್‌ಬುಕ್ಕಿಗೆ ಹಾಕಿದ್ರ ಮುಗೀತಲ್ಲ."

"ಕೂಸು ಹುಟ್ಟೂ ಮೊದಲ ಕುಲಾಯಿ," ಅಂದ್ರು ಕೋಚ್ ಅಕ್ಕಾರು. "ಲೋಗೋಕ್ಕ ರೊಕ್ಕ ಬೀಳೂದಿಲ್ಲ, ಅದಕ್ಕ ಎಲ್ಲಾರೂ ಮೊದಲ ಅದನ್ನ ಕೊಡ್ತಾರ. ನಾ ಕೇಳೂದು ಒಂದ: ಸಂಜೀ ನಾಕೂವರಿಯಿಂದ ಆರೂವರಿತನಕ ಮೈದಾನ ಯಾರದು?"

ಬಸ್ಯಾ ಸುಮ್ಮನಾದ.

"ಮೈದಾನ ಇರೂದು ಒಂದ. ಗಂಡಸರ ದೊಡ್ಡ ಟೀಮ್, ಹದಿನೆಂಟರ ಒಳಗಿನವರು, ಹದಿನೈದರ ಒಳಗಿನವರು, ಎಲ್ಲಾರಿಗೂ ಬೇಕಾದ್ದು ಅವ ಎರಡು ತಾಸು. ಹೆಣಮಕ್ಕಳ ಪಾಲಿಗೆ ಉಳಿಯೂದು ಮಧ್ಯಾಹ್ನ ಒಂದರ ಬಿಸಿಲು, ಇಲ್ಲಾ ರಾತ್ರಿ ಎಂಟರ ಕತ್ತಲಿ."

"ಅರ್ಧರ್ಧ ಹಂಚಿಕೊಂಡ್ರ ಆಗ್ತದಲ್ಲ, ಬಾಡಿಗಿ ಉಳೀತದ," ಅಂದ್ರು ರಾಯರು. ಅವರಿಗೆ ಉಳಿತಾಯದ ವಾಸನಿ ದೂರದಿಂದನ ಬರ್ತದ.

"ಆಕ್ಕೈತ್ರಿ, ವಾರದಾಗ ಮೂರು ದಿನ. ಪಾಸಿಂಗ್, ಐದೈದು ಮಂದಿ ಆಟ, ಶೂಟಿಂಗ್ ಎಲ್ಲಾ ಅರ್ಧದಾಗ ಮುಗೀತಾವ. ಆದ್ರ ವಾರಕ್ಕೊಮ್ಮಿನರ ಪೂರಾ ನೂರು ಮೀಟರ್ ಬೇಕ ಬೇಕು. ಅರ್ಧ ಮೈದಾನದಾಗ ಕಲಿತ ಡಿಫೆನ್ಸಿಗೆ ತನ್ನ ಬೆನ್ನ ಹಿಂದ ಎಷ್ಟು ಜಾಗ ಐತಿ ಅನ್ನೂದ ತಿಳಿಯೂದಿಲ್ಲ. ಮ್ಯಾಚಿನ್ಯಾಗ ನಾಕೂ ಮಂದಿ ನಡುಗೆರಿತನಕ ಏರಿ ನಿಂತಿರ್ತಾರ, ಎದುರಿನಕಿ ತಲಿ ಮ್ಯಾಲೆ ಒಂದು ಉದ್ದನ ಬಾಲ್ ಹಾಕ್ತಾಳ, ಕೀಪರ್ ಇನ್ನೂ ಗೋಲ್ ಗೆರಿ ಮ್ಯಾಲ. ಆಮ್ಯಾಲೆ ಎಲ್ಲಾರೂ ಕೂಡಿ ಕೀಪರಿಗೆ ಬೈತಾರ. ಬೈಬೇಕಾದ್ದು ಪ್ರಾಕ್ಟೀಸಿನ ಟೈಂಟೇಬಲ್ ಬರದವರಿಗೆ."

ರೆಫರಿ ಕಾಕಾ ಗಂಟಲು ಸರಿಮಾಡಿಕೊಂಡ್ರು. "ಮೈದಾನ ಕೊಡದಿರೂದು ಹೊಸಾ ಶಾಣ್ಯಾತನ ಅಲ್ಲಪಾ. 1920ರ ಡಿಸೆಂಬರ್ 26ಕ್ಕ ಲಿವರ್‌ಪೂಲಿನ ಗುಡಿಸನ್ ಪಾರ್ಕಿನ್ಯಾಗ ಡಿಕ್ ಕೆರ್ ಫ್ಯಾಕ್ಟರಿ ಹುಡುಗ್ಯಾರ ಮ್ಯಾಚು. ಸುಮಾರು 53,000 ಮಂದಿ ಬಂದಿದ್ರು. ಮರುವರ್ಷ ಡಿಸೆಂಬರ್ 5ಕ್ಕ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಏನಂತು? ಈ ಆಟ ಹೆಂಗಸರಿಗೆ ಹೊಂದೂದಿಲ್ಲ, ನಮ್ಮ ಕ್ಲಬ್ಬಿನವರು ಯಾರೂ ಅವರಿಗೆ ಮೈದಾನ ಕೊಡಬಾರದು. ಆಟ ಬ್ಯಾಡ ಅನ್ನಾಕ ಬರ್ತಿದ್ದಿಲ್ಲ, ಹಂಗಾಗಿ ನೆಲಾ ಕಸಕೊಂಡ್ರು. ಅದು ತಿರುಗಿ ಸಿಗಾಕ ಐವತ್ತು ವರ್ಷ ಹಿಡೀತು."

"ಬಾರ್ಸಾದವರು ಹಂಗ ಮಾಡಿಲ್ರಿ ಕಾಕಾ. 2022ರಾಗ ಅವರ ದೊಡ್ಡ ಸ್ಟೇಡಿಯಂ ಕ್ಯಾಂಪ್ ನೌದಾಗ ಹೆಣಮಕ್ಕಳ ಮ್ಯಾಚಿಗೆ 91,553 ಮಂದಿ!" ಅಂದ ಬಸ್ಯಾ.

"ಅದರ ಮುಂದಿನ ತಿಂಗಳ ವೋಲ್ಫ್ಸ್‌ಬರ್ಗ್ ಮ್ಯಾಚಿಗೆ 91,648," ಅಂದ್ರು ಅಕ್ಕಾರು. "ನಿನಗ ಕಡೀ ಪುಟ ಅಷ್ಟ ಬಾಯಿಪಾಠ. ಮೊದಲಿನ ಪುಟ ಓದು. ಅದ ಟೀಮ್ 2007ರಾಗ ಕೆಳಗಿನ ದರ್ಜೆಗೆ ಬಿದ್ದಿತ್ತು. ಪ್ರೊಫೆಷನಲ್ ಮಾಡಿದ್ದು 2015ಕ್ಕ. 2019ರ ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಹೋಗಿ ಲಿಯೋನ್ ಕೈಯಾಗ 4-1 ತಿಂದು ಬಂದ್ರು. 2021ಕ್ಕ ಚೆಲ್ಸೀಗೆ 4-0 ಹೊಡದು ಕಪ್ ತಂದ್ರು. ಆಮ್ಯಾಲೆ ಬಂತು ನಿನ್ನ ಕ್ಯಾಂಪ್ ನೌ. ಅದೂ ದಿನಾ ಅಲ್ಲ, ಲೀಗ್ ಮ್ಯಾಚು ಆಡೂದು ಆರು ಸಾವಿರ ಮಂದಿ ಹಿಡಿಯೂ ಯೋಹಾನ್ ಕ್ರೈಫ್ ಸ್ಟೇಡಿಯಮ್ಮಿನ್ಯಾಗ. ದೊಡ್ಡ ಸ್ಟೇಡಿಯಂ ದೊಡ್ಡ ಮ್ಯಾಚಿಗೆ. ಮೊದಲನೇ ವಾರನ ದೊಡ್ಡದು ಹಿಡಿದು ಇನ್ನೂರು ಮಂದಿ ಬಂದ್ರ, ಫೋಟೋದಾಗ ಬರೇ ಖಾಲಿ ಕುರ್ಚಿ ಕಾಣಸ್ತಾವ."

ರಾಯರು ಕನ್ನಡಕ ತಗದು ಒರಸಿದ್ರು. "ಮ್ಯಾಂಚೆಸ್ಟರ್ ಯುನೈಟೆಡ್ 2005ರಾಗ ಹೆಣ್ಣುಮಕ್ಕಳ ಟೀಮ್ ಬಂದ್ ಮಾಡಿತು. ಮತ್ತ ತಗದದ್ದು 2018ಕ್ಕ. ಬಂದ್ ಮಾಡ್ಲಿಕ್ಕೆ ಒಂದು ಸಹಿ ಸಾಕು, ನಾ ಅದನ್ನ ಬಲ್ಲೆ. ನಡುವಿನ ಹದಿಮೂರು ವರ್ಷದಾಗ ಬೆಳೀಬೇಕಾದ ಹುಡುಗೇರು ಬ್ಯಾರೆ ಕ್ಲಬ್ಬಿಗೆ ಹೋಗ್ಯಾರ."

"ಇಲ್ಲೇನ್ ಕಮ್ಮಿ?" ಅಂದ್ರು ಅಕ್ಕಾರು. "ಇಂಡಿಯನ್ ವುಮೆನ್ಸ್ ಲೀಗ್ 2016-17ಕ್ಕ ಸುರುವಾತು. ಭಾಳ ವರ್ಷ ಕಡೀ ಸುತ್ತಿಗೆ ಎಲ್ಲಾ ಟೀಮ್ ಒಂದ ಕಡೆ ಕೂಡಿಸಿ ಕೆಲವು ವಾರದಾಗ ಮುಗಸ್ತಿದ್ರು. 2022-23ರದು ಅಹಮದಾಬಾದಿನ್ಯಾಗ ಆತು. ಫೈನಲ್ಲಿನ್ಯಾಗ ಕೇರಳದ ಗೋಕುಲಂ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟಿಗೆ 5-0 ಹೊಡೀತು. ಲೀಗ್ ಅಷ್ಟ ಸಣ್ಣದಿದ್ರ ಕ್ಲಬ್ಬಿನವರು ಎರಡು ತಿಂಗಳಿಗೆ ಹುಡುಗ್ಯಾರನ್ನ ಕರಸೂದು, ಮುಗಿದ ಕೂಡ್ಲೆ ರೈಲ್ವೆ ಟಿಕೆಟ್ ಕೈಯಾಗಿಟ್ಟು ಕಳಸೂದು ನಡೀತೈತಿ. ಉಳಿದ ಹತ್ತು ತಿಂಗಳು ಆಕಿ ಒಬ್ಬಾಕಿನ ಓಡಬೇಕು. 2023-24ಕ್ಕ ಹೋಮ್-ಅವೇ, ಅಂದ್ರ ತಮ್ಮೂರಾಗೊಂದು ಎದುರಿನವರ ಊರಾಗೊಂದು ಮ್ಯಾಚು, ಬಂದಾಗ ಹಂಗ ನಡೀಲಿಲ್ಲ. ಊರೂರು ಆಡಬೇಕಂದ್ರ ತಿಂಗಳಗಟ್ಟಲೆ ಟೀಮ್ ಇಟಗೋಬೇಕು, ಊಟಾ ಹಾಕಬೇಕು, ಊರೂರು ತಿರಗಸಬೇಕು."

"ಪಗಾರ ಕೊಡಬೇಕು," ಅಂದ್ರು ರಾಯರು ನಿಟ್ಟುಸಿರು ಬಿಟ್ಟು. "ಈ ವುಮೆನ್ಸ್ ಲೀಗಿನ ಕ್ಲಬ್ಬಿನಾಗ ಕಡಿಮಿ ಅಂದ್ರ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕ 3.2 ಲಕ್ಷದ ಕರಾರು ಅಂತ ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ 2023ರಾಗ ಹೇಳಿತು. ತಿಂಗಳಿಗೆ 26,666 ಚಿಲ್ಲರ. ಹತ್ತು ಮಂದಿಗೆ 32 ಲಕ್ಷ. ಟೀಮ್ ಅಂದ್ರ ಹತ್ತ ಮಂದಿ ಅಲ್ಲ, ಮೂವರು ಕೀಪರ್ ಹಿಡಿದು ಇಪ್ಪತ್ತೈದು."

"ಬಸುರಿಯಾದ್ರ?" ಅಂತ ಕೇಳಿದ್ಲು ಫಿಜಿಯೋ ತಂಗಿ.

"ಅದೂ ಬರದಿಟ್ಟೇನಿ," ಅಂದ್ರು ರಾಯರು. "2021ರ ಜನವರಿಯಿಂದ ಫಿಫಾ ನಿಯಮ ಅದ. ಕನಿಷ್ಠ ಹದಿನಾಲ್ಕು ವಾರ ರಜಾ, ಅದರಾಗ ಎಂಟು ವಾರ ಹೆರಿಗಿ ಆದ ಮ್ಯಾಲ, ಪಗಾರದ ಮೂರರಾಗ ಎರಡು ಪಾಲು. ಇದನ್ನ ಬಜೆಟ್ಟಿನಾಗ ಮೊದಲ ಇಡಬೇಕು. ಆಮ್ಯಾಲೆ ನೋಡೋಣು ಅಂದ್ರ, ಆ ಹೊತ್ತಿಗೆ ಪೆಟ್ಟಿಗಿ ಖಾಲಿ ಆಗಿರ್ತದ."

ಇಷ್ಟೊತ್ತು ನೆಲಾ ಕೆದರಕೋತ ಕುಂತಿದ್ದ ಫಿಜಿಯೋ ತಂಗಿಗೆ ಈಗ ಪಾಳಿ ಬಂತು. ಆಕಿ ಸುರು ಮಾಡಿದ್ರ ನಿಲ್ಲಸೂದು ರೆಫರಿಗೂ ಆಗೂದಿಲ್ಲ.

"ಮೈದಾನ, ಪಗಾರ ಎಲ್ಲಾ ಆತ್ರಿ. ನೆಲ ಎಂಥಾದ್ದು? ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೋದಂಗ ಎರಿ ಭೂಮಿ. ಏಪ್ರಿಲ್‌ದಾಗ ಕಾಲಬಟ್ಟ ಹೋಗೂವಷ್ಟು ಬಿರುಕು, ಜುಲೈದಾಗ ಒಂದೊಂದು ಬೂಟಿಗೆ ಅರ್ಧ ಕೇಜಿ ಅಂಟು. ಧಾರವಾಡದ ಕಡೆ ಮಸಾರಿ ಸಿಗತೈತಿ, ನೀರು ಬಸೀತೈತಿ. ಎರಿ ಮ್ಯಾಲ ಮೈದಾನ ಮಾಡೂದಿದ್ರ ಮ್ಯಾಲಿನ ಪದರ ತಗಸಿ, ಗರಸು ಬಡಸಿ, ಅದರ ಮ್ಯಾಲ ಮರಳು ಕೂಡಿಸಿದ ಮಸಾರಿ ಹಾಕಬೇಕು. ನಡುವ ಎತ್ತರ, ಅಂಚಿಗೆ ಇಳುಕಲು. ಇದನ್ನ ಬಿಟ್ಟು ಬರೇ ಹುಲ್ಲ ಹಚ್ಚಿದ್ರ ಒಂದ ಮಳಿಗಾಲಕ್ಕ ಕೆಸರಗದ್ದಿ.

"ಇನ್ನ ಬೂಟು. ಹುಡುಗ್ಯಾರಿಗೆ ಅಂತ ಸಣ್ಣ ಸೈಜಿನ ಗಂಡು ಬೂಟು ತಂದು ಕೊಡ್ತಾರ. ಹೆಣಮಕ್ಕಳ ಹಿಮ್ಮಡಿ ಸಾಮಾನ್ಯವಾಗಿ ಸಪೂರ. ಮುಂಗಾಲು ಸರಿ ಕುಂತ್ರೂ ಹಿಂದ ಜಾರತೈತಿ. ಲೇಸ್ ಬಿಗದು, ಬೆರಳ ಮ್ಯಾಲ ನಿಂತು ನೋಡಬೇಕು. ಹಿಮ್ಮಡಿ ಬೂಟಿಂದ ಮ್ಯಾಲ ಬಂತಂದ್ರ ಆ ಬೂಟು ವಾಪಸ್. ಒಣಗಿ ಕಲ್ಲಾದ ನೆಲಕ್ಕ ಉದ್ದನ ಸ್ಟಡ್, ಅಂದ್ರ ಬೂಟಿನ ತಳದ ಗುಬ್ಬಿ, ಬ್ಯಾಡ. ಅವು ಮಣ್ಣಾಗ ಇಳಿಯೂದಿಲ್ಲ, ಮೈಭಾರ ಎಲ್ಲಾ ಆ ತುದಿ ಮ್ಯಾಲ ನಿಂತು ಅಂಗಾಲು ನೋವು ಸುರುವಾಕ್ಕೈತಿ. ಸಣ್ಣ ಸಣ್ಣ ಗುಬ್ಬಿ ಇರೂ ಟರ್ಫ್ ಬೂಟು ಚಲೋ. ಆರ್ಟಿಫಿಷಿಯಲ್ ಹುಲ್ಲಿನ ಮ್ಯಾಲ ಬ್ಲೇಡ್ ಸ್ಟಡ್ ಹಾಕಿದ್ರ ಇನ್ನೊಂದು ಫಜೀತಿ. ಪಾದ ಕಚ್ಚಿಕೊಂಡು ನಿಲ್ಲತೈತಿ, ಮೈ ತಿರಗತೈತಿ, ನಡುವ ಸಿಗೂದು ಮೊಳಕಾಲು."

"ಎಸಿಎಲ್," ಅಂದ ಬಸ್ಯಾ, ತನಗೂ ಒಂದು ಗೊತ್ತೈತಿ ಅಂತ.

"ಹೂಂ, ಮೊಳಕಾಲೊಳಗ ಎಲುಬು ಹಿಡಿದಿಡೂ ನಾರು. ಗಂಡಸರಿಗಿಂತ ಹೆಂಗಸರಿಗೆ ಎರಡ್ಮೂರು ಪಟ್ಟು ಹೆಚ್ಚು ಹರೀತೈತಿ. ಟೊಂಕದ ಅಗಲ, ಜಿಗಿದು ಇಳಿಯೂ ಮುಂದ ಮೊಳಕಾಲು ಒಳಗ ವಾಲೂದು, ಕೆಟ್ಟ ನೆಲ, ತಪ್ಪು ಬೂಟು, ಜಿಮ್ಮಿಗೆ ಬಿಡದಿರೂದು, ಎಲ್ಲಾ ಕೂಡತಾವ. 2022-23ರ ಒಂದ ಸೀಜನ್ನಿನ್ಯಾಗ ಆರ್ಸೆನಲ್ಲಿನ ಬೆತ್ ಮೀಡ್, ಮೀಡೆಮಾ, ಲಿಯಾ ವಿಲಿಯಮ್ಸನ್, ವೀನ್ರೋಯ್ಟರ್ ನಾಕೂ ಮಂದಿ ಇದ ಗಾಯಕ್ಕ ಮಲಗಿದ್ರು. ಅಷ್ಟು ದೊಡ್ಡ ಕ್ಲಬ್ಬಿಗೇ ಹಿಂಗಾದ್ರ ನಮ್ಮ ಗತಿ? ತಿರುಗಿ ಆಡಾಕ ಕಮ್ಮಿ ಅಂದ್ರ ಒಂಬತ್ತು ತಿಂಗಳು. ಅದಕ್ಕ ಫಿಫಾ 11+ ಅಂತ ವಾರ್ಮ್‌ಅಪ್ ಐತಿ. ಹದಿನೈದು ಕಸರತ್ತು, ಇಪ್ಪತ್ತು ನಿಮಿಷ. ಎಂಟು ನಿಮಿಷ ಓಟ, ಹತ್ತು ನಿಮಿಷ ಬಲ, ಜಿಗಿತ, ಸಮತೋಲ ಹಿಡಿಯೂದು, ಕಡೀಕ ಎರಡು ನಿಮಿಷ ಜೋರು ಓಟ. ವಾರದಾಗ ಎರಡು ಸಲನರ ತಪ್ಪಸಬಾರದು. ರೊಕ್ಕ ಬೀಳೂದಿಲ್ರಿ ರಾಯರ."

ರಾಯರ ಮುಖ ಅರಳಿತು.

"ಬಸ್ಯಾ, ಇಲ್ಲಿ ಬಾ. ಈ ಗೋಣಿಚೀಲದ ಮ್ಯಾಲ ಮೊಳಕಾಲೂರು. ಕಾಕಾ, ಇವನ ಪಾದದ ಕೀಲು ಗಟ್ಟಿ ಹಿಡೀರಿ. ಮೊಳಕಾಲಿಂದ ತಲಿತನಕ ನೆಟ್ಟಗ, ಟೊಂಕ ಮಡಚಬ್ಯಾಡ. ಈಗ ಮುಂದಕ್ಕ ಬಾಗು, ತೊಡಿ ಹಿಂದಿನ ಸ್ನಾಯುಲೆ ತಡದು ತಡದು, ಮೆಲ್ಲಕ..."

'ಮೆಲ್ಲಕ' ಅನ್ನೂದರಾಗ ಬಸ್ಯಾ ನೆಲಾ ಮುಟ್ಟಿದ್ದ. ಕಾಕಾ ಹಳದಿ ಕಾರ್ಡಿಗೆ ಕಿಸೆಕ್ಕ ಕೈ ಹಾಕಿದ್ರು.

"ನೋಡ್ರಿ, ತೊಡಿ ಮುಂದ ಬಲ ಐತಿ, ಹಿಂದ ಇಲ್ಲ. ಸುರುವಾತಿಗೆ ಮೂರರಿಂದ ಐದು ಸಲ ಸಾಕು. ಮೊದಲನೇ ದಿನಾನ ಹದಿನೈದು ಮಾಡಸೂ ಕೋಚ್ ಅದಾರ, ಮರುದಿನ ಟೀಮ್ ಪೂರಾ ಮೆಟ್ಟಲ ಇಳಿಯಾಕ ಕಟಕಟಿ ಹಿಡೀತೈತಿ. ಮತ್ತೊಂದು, ಸೀಜನ್ ಮೊದಲ ಎಲ್ಲಾರದೂ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ) ತಪಾಸಣಿ. ಕಬ್ಬಿಣ ಕಮ್ಮಿ ಇದ್ದಾಕಿಗೆ ಅರವತ್ತನೇ ನಿಮಿಷಕ್ಕ ಕಾಲು ಎಳೀತಾವ, ಕೋಚ್ ಮೈಗಳ್ಳಿ ಅಂತಾರ. ಊಟದ ಜೋಡಿ ಚಾ ಬ್ಯಾಡ, ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ. ರೊಟ್ಟಿ, ಹೆಸರುಕಾಳು ಪಲ್ಯದ ಮ್ಯಾಲ ಲಿಂಬಿ ಹಿಂಡಿಕೊಂಡ್ರ ಹತ್ತತೈತಿ. ಪ್ರಾಕ್ಟೀಸ್ ಮುಗದು ತಾಸಿನೊಳಗ ಎರಡು ತತ್ತಿ, ಒಂದು ದೊಡ್ಡ ಗ್ಲಾಸ್ ಹಾಲು, ಇಪ್ಪತ್ತು ಗ್ರಾಂ ಪ್ರೊಟೀನ್ ಆತು."

ಹುಡುಗ್ಯಾರು ಎಲ್ಲಿಂದ ಬರ್ತಾರ ಅನ್ನೂ ಮಾತು ಬಂದಾಗ ಎಲ್ಲಾರ ಬಾಯೀನೂ ಒಮ್ಮೆಲೆ ತಗೀತು. ಗದಗಿನ ಹಾಕಿ ಹುಡುಗ್ಯಾರು ಅಂದ್ರು ಅಕ್ಕಾರು. ಅವರಿಗೆ ತಲಿ ಎತ್ತಿ ಮೈದಾನ ನೋಡೂ ರೂಢಿ ಇರತೈತಿ, ನಡುವ ಆಡಸಬೇಕು. ಖೋ-ಖೋ ಆಡಿದಾಕಿಗೆ ಗಪ್ಪನ ತಿರಗೂದು ಗೊತ್ತು, ಅಂಚಿಗೆ ಬಿಡಬೇಕು.

"ಹಾವೇರಿ ಕಬಡ್ಡಿ ಹುಡುಗ್ಯಾರು ಡಿಫೆನ್ಸಿಗೆ?" ಅಂದ ಬಸ್ಯಾ ಮಣ್ಣು ಜಾಡಿಸಿಕೋತ.

"ಮೊದಲ ಮೂರು ತಿಂಗಳು ಬ್ಯಾಡಪಾ," ಅಂದ್ರು ಕಾಕಾ. "ಎದುರಿನಕಿ ಬಾಲ್ ಹಿಡಕೊಂಡು ಬಂದ್ರ ಇಕಿ ಕಾಲ ಹಿಡೀತಾಳ. ಪೆನಾಲ್ಟಿ ಏರಿಯಾದಾಗ ಹಿಡದ್ರ ಹನ್ನೊಂದು ಮೀಟರ್ ಅಳದು ಬಾಲ್ ಇಡೂದು ನನ್ನ ಪಾಲಿಗೆ."

"ಯಾರ ಬರಲಿ, ಬಂದಾಕಿ ಉಳೀಬೇಕಲ್ಲ," ಅಂದ್ರು ಅಕ್ಕಾರು. "ಹುಬ್ಬಳ್ಳಿ-ಧಾರವಾಡದ ನಡುವ ಚಿಗರಿ ಬಸ್ ಐತಿ, ಚಿಂತಿಲ್ಲ. ಕುಂದಗೋಳ, ನವಲಗುಂದದ ಹುಡುಗಿ ಆರೂವರಿಗೆ ಪ್ರಾಕ್ಟೀಸ್ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಮನಿ ಮುಟ್ಟೂದರಾಗ ಒಂಬತ್ತು. ನಾಕನೇ ದಿನಕ್ಕ ಅವ್ವ-ಅಪ್ಪ ಬ್ಯಾಡ ಅಂತಾರ, ಅವರದೇನೂ ತಪ್ಪಿಲ್ಲ. ಒಂದೋ ಕ್ಲಬ್ಬಿನ ಗಾಡಿ, ಇಲ್ಲಾ ಹಾಸ್ಟೆಲ್, ಇಲ್ಲಾ ಮುಂಜಾನೆ ಆರಕ್ಕ ಪ್ರಾಕ್ಟೀಸ್. ಡ್ರೆಸ್ಸಿಂಗ್ ರೂಮಿಗೆ ಒಳಗಿನ ಚಿಲಕ, ಲೈಟು, ನೀರು, ಮುಚ್ಚಳದ ಕಸದ ಡಬ್ಬಿ. ಮತ್ತ ಬಿಳಿ ಚಡ್ಡಿ ಆರ್ಡರ್ ಮಾಡಬ್ಯಾಡ್ರಿ. ಇಂಗ್ಲೆಂಡಿನವರೂ 2023ರ ವರ್ಲ್ಡ್‌ಕಪ್ಪಿಗೆ ನೀಲಿ ಚಡ್ಡಿ ಮಾಡಿದ್ರು, ತಿಂಗಳ ದಿನದಾಗ ಹುಡುಗ್ಯಾರ ಮನಸ್ಸು ಆಟದ ಮ್ಯಾಲ ಇರಲಿ ಅಂತ. ಎರಿ ಮಣ್ಣಿಗೆ ಬಿಳಿ ಅರಬಿ ಆರಿಸಿದಾತ ಅರಬಿ ಒಗದಾತ ಅಲ್ಲ ಬಿಡ್ರಿ."

"ಇಷ್ಟೆಲ್ಲಾ ಮಾಡಿದ್ರೂ ಲಾಸ್ ಅಲ್ರೀ?" ಅಂದ ಬಸ್ಯಾ.

ರಾಯರು ಎಲ್ಲಾರೂ ತಿಳದಂಗ 'ಹೌದು' ಅನ್ನಲಿಲ್ಲ. ಅವರ ದನಿ ಸಣ್ಣದಾತು, ಆಡಿಟರ್ ಹಿಂದ ನಿಂತಾನೇನೋ ಅನ್ನೂ ಹಂಗ. "ಲಾಸ್ ಹೆಂಗ ಹುಟ್ಟತದ ಹೇಳ್ತೇನಿ ಕೇಳು. ಸ್ಪಾನ್ಸರ್ ಒಬ್ಬಾಂವ ಎರಡೂ ಟೀಮಿನ ಅಂಗಿ ಮ್ಯಾಲ ತನ್ನ ಹೆಸರು ಹಾಕಸ್ತಾನ, ಒಂದ ಚೆಕ್ ಕೊಡ್ತಾನ. ಆ ಚೆಕ್ ಪೂರ್ತಿ ಗಂಡಸರ ಟೀಮಿನ ಜಮಾಕ್ಕ ಹೋಗ್ತದ. ಹೆಣ್ಣುಮಕ್ಕಳ ಟೀಮಿಗೆ ಖರ್ಚಿನ ಕಾಲಂ ಅಷ್ಟ. ವರ್ಷದ ಕಡೀಕ ಕಮಿಟಿಯವರು ನೋಡ್ತಾರ, ಜಮಾ ಸೊನ್ನಿ. ಅದರಾಗ ಖರ್ಚು ಬರದದ್ದೂ 'ಇತರೆ' ಅನ್ನೂ ತಲಿಬರಹದ ಕೆಳಗ ಇದ್ರ, ಮಳಿ ಆಗದ ವರ್ಷ ಮೊದಲ ಕತ್ತರಿ ಬೀಳೂದು 'ಇತರೆ'ಗೇ. ಕರಾರಿನಾಗ ಸ್ಪಾನ್ಸರ್ ಕಡಿಂದ ಎರಡು ಮೊತ್ತ ಬ್ಯಾರೆ ಬ್ಯಾರೆ ಬರಸಬೇಕು. ಟಿಕೆಟ್ ಹತ್ತ ರೂಪಾಯಿ ಇದ್ರೂ ಪುಗಸಟ್ಟೆ ಬಿಡಬಾರದು, ಯಾಕಂದ್ರ ಜಮಾ ಕಾಲಮ್ಮಿನಾಗ ಒಂದು ಅಂಕಿ ಬೀಳ್ತದ. ಖರ್ಚು ಮೂರು ವರ್ಷದ್ದು ಒಮ್ಮೆ ಮಂಜೂರ ಮಾಡಿಸಿಕೋಬೇಕು. ಒಂದ ವರ್ಷದ ಮಂಜೂರಾತಿ ಇದ್ರ ಕೋಚ್ ಮೊದಲನೇ ಸೀಜನ್ನಿಗೇ ಕಪ್ ತರಬೇಕಂತ ಹೊರಗಿಂದ ಹದಿನೆಂಟು ಮಂದಿ ಕರಸ್ತಾರ, ಊರ ಹುಡುಗೇರು ಬೆಂಚ್ ಬಿಸಿ ಮಾಡ್ತಾರ."

ಅಕ್ಕಾರು ಬಾಯಿ ತಗದು ಕೇಳಾಕತ್ತಿದ್ರು. ರಾಯರಿಂದ ಇಷ್ಟು ಬರತೈತಿ ಅಂತ ಯಾರೂ ತಿಳದಿದ್ದಿಲ್ಲ.

"ಮೈದಾನದ ಬಾಡಿಗಿ?"

"ಬ್ಯಾರೆ ತಲಿಬರಹ."

"ಫಿಜಿಯೋ ಪಗಾರ?" ಅಂದ್ಲು ತಂಗಿ.

"ಬ್ಯಾರೆ. ಗಂಡಸರ ಫಿಜಿಯೋನ್ನ ಬಿಡುವಿದ್ದಾಗ ಕರಿಯೂದು ನಡಿಯೂದಿಲ್ಲ."

"ಕೀಪರ್ ಕೋಚ್?" ಅಂದ್ರು ಅಕ್ಕಾರು. "ಗೋಲು ಎಲ್ಲಾರಿಗೂ 7.32 ಮೀಟರ್ ಅಗಲ, 2.44 ಎತ್ತರ. ನಮ್ಮ ಹುಡುಗ್ಯಾರ ಎತ್ತರ ನಿಮಗ ಗೊತ್ತ ಐತಿ. ಹೆಜ್ಜಿ ಹಾಕೂದು, ಮುಂದ ಬಂದು ಕೋನ ಸಣ್ಣದು ಮಾಡೂದು ಕಲಿಸಾಕ ಒಬ್ಬರು ಬೇಕ."

"ಬರಕೊಂಡೆ."

"ರೆಫರಿ ಫೀ?" ಅಂದ್ರು ಕಾಕಾ. "ಹೆಣಮಕ್ಕಳ ಮ್ಯಾಚಿಗೂ ಅದ ತೊಂಬತ್ತು ನಿಮಿಷ ಓಡ್ತೇವಿ. ಗಂಡಸರ ಮ್ಯಾಚಿಗೆ ಕೊಟ್ಟಷ್ಟ ಕೊಡಬೇಕಲ್ಲ?"

ರಾಯರು ಬೆಂಚಿನ ಕೆಳಗ ಚಪ್ಪಲಿ ಹುಡಕಾಕತ್ತಿದ್ರು.